ನಮ್ಮ ಪ್ರತಿನಿಧಿಗೆ ನೂರಕ್ಕೆ ಎಷ್ಟು?

ಕಳೆದ ವಾರ ನಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರನ್ನು (ಪಕ್ಷವಲ್ಲ, ಇಲ್ಲಿ ಅಮೆರಿಕದಲ್ಲಿ ಸಂಸತ್ತಿಗೇ ಆ ಹೆಸರು) ನಾನು ಸೆಕೆಂಡ್ ಕ್ಲಾಸಿನಲ್ಲಿ ಪಾಸು ಮಾಡಿದೆ. ಎದುರಾಳಿ ಅಭ್ಯರ್ಥಿಯನ್ನೂ ಅಷ್ಟೇ. ಇಬ್ಬರಿಗೂ ನೂರಕ್ಕೆ ಐವತ್ತರ ಆಸುಪಾಸು. ಅಡುಗೆಮನೆಯ ಟೇಬಲ್ಲಿನ ಮೇಲೆ, ಎಕ್ಸೆಲ್ ಶೀಟಿನಲ್ಲಿ, ಆರಿಹೋದ ಕಾಫಿಯನ್ನು ಪಕ್ಕಕ್ಕಿಟ್ಟುಕೊಂಡು.

ನಾನು ಸಾಫ್ಟ್‌ವೇರ್ ಟೆಸ್ಟರ್. ಏನೇನು ಕೆಡಬಹುದು ಅಂತ ಯೋಚಿಸುವುದಕ್ಕೇ ನನಗೆ ಸಂಬಳ. (ಸಂಬಳವಿಲ್ಲದೆಯೂ ಮಾಡುತ್ತೇನೆ, ನಮ್ಮ ಮನೆಯಲ್ಲಿ ವಿಚಾರಿಸಿ.) ಈ ವರ್ಷವಷ್ಟೇ ಸಿಟಿಜನ್ ಆದವಳು. ಜೀವನದ ಮೊದಲ ಅಮೆರಿಕನ್ ಬ್ಯಾಲೆಟ್ ಪೋಸ್ಟಿನಲ್ಲಿ ಬಂತು. ಮನೆಯಲ್ಲೇ ತುಂಬಿ, ಸಹಿ ಹಾಕಿ ವಾಪಸು ಕಳಿಸಬೇಕು. ಸಹಿ ಅವರ ದಾಖಲೆಗೆ ಹೊಂದದಿದ್ದರೆ? ಇಂಕು ಗೆರೆಯಾಚೆ ಹೋದರೆ? ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ.

ಆ ವೋಟಿನ ತೂಕ ಹೆಚ್ಚಿಸಿದವಳು ಎದುರುಮನೆಯ ಸವಿತಾ. ಧಾರವಾಡದವಳು, ಇಂಜಿನಿಯರ್, ಗ್ರೀನ್ ಕಾರ್ಡಿನ ಕ್ಯೂನಲ್ಲಿ ನಿಂತೇ ಕೂದಲು ಬೆಳ್ಳಗಾದವಳು. ಅವಳ ಮಗ ನಿಖಿಲ್ ಇಲ್ಲಿಗೆ ಬಂದಾಗ ಡೈಪರಿನಲ್ಲಿದ್ದ. ಈಗ ಕಾಲೇಜು. ಇಪ್ಪತ್ತೊಂದು ತುಂಬಿತೋ, ಅಮ್ಮನ ವೀಸಾದ ಆಸರೆ ತಪ್ಪುತ್ತದೆ. ಬೇರೆ ವೀಸಾ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಹೀಗೆ ಇಲ್ಲೇ ಬೆಳೆದ ಮಕ್ಕಳನ್ನು ಉಳಿಸಿಕೊಳ್ಳುವ ಮಸೂದೆಯೊಂದು ಕಾಂಗ್ರೆಸ್ಸಿನಲ್ಲಿ ಬಿದ್ದುಕೊಂಡಿದೆ.

"ಅಕ್ಕಾ, ನಮಗಂತೂ ವೋಟಿಲ್ಲ. ನಮ್ಮ ಪಾಲಿಂದೂ ನೀವ ವಿಚಾರ ಮಾಡಿ ಹಾಕ್ರಿ," ಅಂದಳು.

ವಿಚಾರ ಮಾಡು ಅಂತ ನನಗೆ ಹೇಳಬೇಕೇ?

ಇಲ್ಲೊಂದು ಅನುಕೂಲವಿದೆ. ಪರಿಸರದವರು, ವ್ಯಾಪಾರಸ್ಥರು, ಬಂದೂಕು ಬೇಕೆನ್ನುವವರು, ಬೇಡವೆನ್ನುವವರು, ವಲಸಿಗರ ಪರ ಇರುವವರು, ವಿರುದ್ಧ ಇರುವವರು, ಹೀಗೆ ಒಂದೊಂದು ಸಂಘವೂ ಜನಪ್ರತಿನಿಧಿಗಳು ಸದನದಲ್ಲಿ ಹಾಕಿದ ವೋಟುಗಳನ್ನು ನೋಡಿ ನೂರಕ್ಕೆ ಇಷ್ಟು ಅಂತ ರೇಟಿಂಗ್ ಕೊಡುತ್ತದೆ. ಮಾರ್ಕ್ಸ್! ಪಕ್ಕದ ಮನೆಯವರ ಮಾರ್ಕ್ಸ್ ಕೇಳಿಕೊಂಡೇ ಬೆಳೆದ ನಮ್ಮಂಥವರಿಗೆ ಇನ್ನೇನು ಬೇಕು? ಎಲ್ಲವನ್ನೂ ಇಳಿಸಿಕೊಂಡೆ, ಕೂಡಿಸಿದೆ, ಸರಾಸರಿ ತೆಗೆದೆ.

ನನ್ನ ಗಂಡ ರಘು ಹೆಗಲ ಮೇಲಿಂದ ಇಣುಕಿದರು.

"ಏನೇ ಇದು? ಬಂದೂಕು ಬೇಕು ಅನ್ನೋರು ಕೊಟ್ಟ ಸೊನ್ನೇನೂ ಬೇಡ ಅನ್ನೋರು ಕೊಟ್ಟ ನೂರನ್ನೂ ಕೂಡಿಸಿಬಿಟ್ಟಿದೀಯ?"

"ಮತ್ತೆ? ಫೇರ್ ಆಗಿರಬೇಡ್ವಾ?"

"ಹಾಗಾದ್ರೆ ನಮ್ಮಮ್ಮ ನಿಂಗೆ ಕೊಡೋ ಮಾರ್ಕ್ಸೂ ನಿಮ್ಮಮ್ಮ ಕೊಡೋ ಮಾರ್ಕ್ಸೂ ಕೂಡಿಸಿ ಎರಡರಿಂದ ಭಾಗಿಸಿದ್ರೆ ನೀನು ಎಂಥಾ ಹೆಂಡ್ತಿ ಅಂತ ಗೊತ್ತಾಗುತ್ತಾ?"

ಗೊತ್ತಾಗುವುದಿಲ್ಲ. ಅತ್ತೆ ಎಂಥವರು, ಅಮ್ಮ ಎಂಥವರು ಅಂತ ಗೊತ್ತಾಗುತ್ತದೆ.

ರೇಟಿಂಗ್ ಕೂಡ ಇಷ್ಟೇ. ಅದು ಜಾಣತನದ ಅಳತೆಯಲ್ಲ. ಆ ಸಂಘದ ಮಾತಿಗೆ ಈ ಮನುಷ್ಯ ಎಷ್ಟು ಸಲ ಹೂಂ ಅಂದ ಎನ್ನುವ ಲೆಕ್ಕ. ಸೊನ್ನೆ ತೆಗೆದವರು ದಡ್ಡರಲ್ಲ. ಕೆಲವರಿಗೆ ಆ ಸೊನ್ನೆಯೇ ಬಿರುದು, ಪ್ರಚಾರದ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಇನ್ನು ಕೆಲವು ಸಂಘಗಳು ಗೈರುಹಾಜರಿಯನ್ನೂ ತಪ್ಪು ವೋಟೆಂದೇ ಎಣಿಸುತ್ತವೆ. ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರೂ ಮಾರ್ಕ್ಸ್ ಕಟ್!

ಸರಾಸರಿಯನ್ನು ಡಿಲೀಟ್ ಮಾಡಿದೆ. ವಲಸಿಗರ ಪರ ಇರುವ ಸಂಘದ ರೇಟಿಂಗ್ ಮಾತ್ರ ನೋಡಿದೆ. ಎದುರಾಳಿ ಈವರೆಗೆ ನಮ್ಮ ರಾಜ್ಯದ ಅಸೆಂಬ್ಲಿಯಲ್ಲಿದ್ದಾಕೆ, ವೀಸಾ ವಿಷಯ ಆಕೆಯ ಮುಂದೆ ಬಂದದ್ದೇ ಇಲ್ಲ, ಹಾಗಾಗಿ ಆ ಸಂಘದ ರೇಟಿಂಗೂ ಇಲ್ಲ. ನಮ್ಮ ಸದಸ್ಯರಿಗೋ, ನೂರಕ್ಕೆ ನೂರು! ಸವಿತಾಗೆ ಫೋನ್ ಮಾಡುವುದೊಂದೇ ಬಾಕಿ. ಆದರೆ ಟೆಸ್ಟರ್ ಬುದ್ಧಿ ಎಲ್ಲಿ ಹೋಗುತ್ತದೆ? ಯಾವ ಯಾವ ವೋಟು ಎಣಿಸಿದ್ದಾರೆ ಅಂತ ನೋಡಿದೆ. ಗಡಿಯ ವಿಷಯವಿತ್ತು, ಆಶ್ರಯ ಕೇಳಿ ಬಂದವರ ವಿಷಯವಿತ್ತು. ನಿಖಿಲನಂಥವರ ಮಸೂದೆ ಇರಲಿಲ್ಲ. ಇರುವುದಾದರೂ ಹೇಗೆ? ಅದು ವೋಟಿಗೇ ಬಂದಿಲ್ಲ. ನಡೆಯದ ಪರೀಕ್ಷೆಗೆ ಯಾರು ಮಾರ್ಕ್ಸ್ ಕೊಡುತ್ತಾರೆ?

ಶನಿವಾರ ಇಲ್ಲೇ ಓಲ್ಡ್ ಬ್ರಿಡ್ಜ್ ಊರಿನಲ್ಲಿ ನಮ್ಮ ಸದಸ್ಯರು ಕ್ಷೇತ್ರದ ಜನರ ಜೊತೆ ನಡೆಸುವ ಸಭೆಯಿತ್ತು. ಸವಿತಾಳನ್ನೂ ಕರೆದುಕೊಂಡು ಹೋದೆ. ಪ್ರಶ್ನೆ ನಾನು ಕೇಳುವುದೆಂದು ಮಾತಾಗಿತ್ತು. (ವೋಟಿರುವವಳು ನಾನಲ್ಲವೇ?) ಡ್ರೈವ್ ಮಾಡುತ್ತಾ ರಿಹರ್ಸಲ್ ಕೂಡ ಮಾಡಿದ್ದೆ. ಮೈಕ್ ಕೈಗೆ ಬಂದದ್ದೇ ತಡ, ಪ್ರಶ್ನೆ ಬಿಟ್ಟು ಮೈಕನ್ನೇ ಟೆಸ್ಟ್ ಮಾಡತೊಡಗಿದೆ.

"ಕೊಡ್ರಿ ಇಲ್ಲೆ!" ಸವಿತಾ ಮೈಕ್ ಕಸಿದುಕೊಂಡಳು.

ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದಳು. ನನಗೆ ವೋಟಿಲ್ಲ, ಆದರೆ ನಾನೂ ನಿಮ್ಮ ಕ್ಷೇತ್ರದವಳೇ. ಈ ಮಕ್ಕಳ ಮಸೂದೆಗೆ ನಿಮ್ಮ ಬೆಂಬಲವಿದೆಯೇ?

ಖಂಡಿತ ಇದೆ, ಆದರೆ ಅದಿನ್ನೂ ವೋಟಿಗೆ ಬಂದಿಲ್ಲ ಎಂದರು ಸದಸ್ಯರು.

ಬರಲಿ ಅಂತ ಬೇರೆ ಸದಸ್ಯರು ಮಸೂದೆಗೆ ಸಹಿ ಹಾಕಿದ್ದಾರಲ್ಲ, ಆ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ, ಎಂದಳು ಸವಿತಾ.

ಸದಸ್ಯರು ಸಹಾಯಕಿಯ ಮುಖ ನೋಡಿದರು. ಸಹಾಯಕಿ ಫೋನ್ ನೋಡಿದಳು. ಆಮೇಲೆ ಅಡ್ಡಡ್ಡ ತಲೆಯಾಡಿಸಿದಳು.

ನೂರಕ್ಕೆ ನೂರು ತೆಗೆದ ಮುಖ ಕೆಂಪಗಾಯಿತು. ಸೋಮವಾರ ಸೇರಿಸುತ್ತೇನೆ ಎಂದರು. ಬರುವ ಸೋಮವಾರವೇ ತಾನೇ, ಎಂದಳು ಸವಿತಾ. ಸಭೆಗೆ ಸಭೆಯೇ ನಕ್ಕಿತು, ಅವಳೊಬ್ಬಳು ನಗಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಹೇಳಿದಳು: "ಸೋಮವಾರ ಸಂಜೀಕ ನೋಡೂಣು. ಹೆಸರು ಹಾಕ್ಲಿಲ್ಲಂದ್ರ ಅವರ ಆಫೀಸಿಗೇ ಹೋಗಿ ಕೂಡೋದು, ಅಕ್ಕಾ."

ರೇಟಿಂಗ್ ನೋಡಬೇಡಿ ಎನ್ನುತ್ತಿಲ್ಲ. ನೋಡಿ. ಯಾರು ಕೊಟ್ಟರು, ಯಾವ ವೋಟಿಗೆ ಕೊಟ್ಟರು ಅಂತಲೂ ನೋಡಿ. ನಿಮಗೆ ಬೇಕಾದ ವಿಷಯ ಅಲ್ಲಿ ಇಲ್ಲವೇ? ಹಾಗಾದರೆ ಆ ಪ್ರಶ್ನೆ ನೀವೇ ಕೇಳಬೇಕು, ಬೇರೆ ದಾರಿಯಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಸೋಮವಾರ ಕಳೆದಿದೆ. ಹೆಸರು ಬಂದಿಲ್ಲ. ಸವಿತಾ ರಜೆ ಹಾಕಿ ಆಗಲೇ ಹೋಗಿ ಕೂತಿದ್ದಾಳೆ, ನಾನೂ ಹೊರಟಿದ್ದೇನೆ.

ಅಂದಹಾಗೆ, ನಿಮ್ಮ ಪ್ರತಿನಿಧಿಯ ಆಫೀಸ್ ಎಲ್ಲಿದೆ ಅಂತ ನಿಮಗೆ ಗೊತ್ತೇ?