ಕೋಚ್ ಹೀದರ್ ಇದ್ದ ಸೀಸನ್

ಸೋಂಕಿನ ಭಯಕ್ಕೆ ಮನೆಯೊಳಗೇ ಕೂತು, ಪರದೆ ನೋಡಿ ನೋಡಿ ಕಣ್ಣು ಬತ್ತಿಸಿಕೊಂಡಿದ್ದ ಮಕ್ಕಳನ್ನು ಅಂತೂ ಇಂತೂ ಬಯಲಿಗೆ ಬಿಟ್ಟ ಕಾಲ ಅದು. ನನ್ನ ಮಗಳು ಇಂಚರಾಗೆ ಆಗ ಒಂಬತ್ತು. ನನ್ನ ಬಾಲ್ಯದ ಬಗ್ಗೆ ಬರೆಯಬೇಕಾದ ವಯಸ್ಸಿನಲ್ಲಿ ಮಗಳ ಬಾಲ್ಯದ ಬಗ್ಗೆ ಬರೆಯಲು ಕೂತಿದ್ದೇನೆ. ನನ್ನದು ಮರೆತಿದೆ ಎಂದಲ್ಲ. ಅವಳದು ನೆನಪಾದರೆ ಈಗಲೂ ಸಿಟ್ಟು ಬರುತ್ತದೆ, ಅದಕ್ಕೆ.

ಸ್ಯಾನ್ ಡಿಯಾಗೋದ ನಮ್ಮ ಬಡಾವಣೆ ಸ್ಕ್ರಿಪ್ಸ್ ರ್ಯಾಂಚ್‌ನ ಆ ಫುಟ್‌ಬಾಲ್ ಮೈದಾನದ ಒಂದು ಬದಿಗೆ ಸಾಲಾಗಿ ನೀಲಗಿರಿ ಮರಗಳು. ಸಂಜೆ ಪ್ರಾಕ್ಟೀಸಿನ ಹೊತ್ತಿಗೆ ಎಲೆಯ ಘಾಟು, ಆಗಷ್ಟೇ ನೀರು ಕುಡಿದ ಹುಲ್ಲಿನ ವಾಸನೆ, ಮಕ್ಕಳ ಮುಖಕ್ಕೆ ಬಳಿದ ಸನ್‌ಸ್ಕ್ರೀನಿನ ವಾಸನೆ ಎಲ್ಲ ಒಂದಾಗಿ ಮೂಗಿಗೆ ಬರುತ್ತಿತ್ತು. ನಾನು ಮಡಚುವ ಕುರ್ಚಿ, ಐಸ್ ಪ್ಯಾಕ್, ಬಗೆಬಗೆಯ ಬ್ಯಾಂಡೇಜ್, ಹೆಚ್ಚುವರಿ ಕಾಲುಚೀಲ ಎಲ್ಲ ಹೊತ್ತು ಹೋಗುತ್ತಿದ್ದೆ. "ಮಗು ಆಡೋಕೆ ಹೋಗ್ತಿದೆಯೋ, ಯುದ್ಧಕ್ಕೋ?" ಎಂದು ಹೆಂಡತಿ ನಗುತ್ತಿದ್ದಳು. ಚೆಂಡು ತಲೆಗೆ ಬಡಿದರೆ? ಮಂಡಿ ತಿರುಚಿದರೆ? ಹುಲ್ಲಿನಲ್ಲಿ ಹಾವಿದ್ದರೆ? ಆಗಬಹುದಾದ ಕೆಟ್ಟದ್ದನ್ನೆಲ್ಲ ನಾನು ಮುಂಚೆಯೇ ಊಹಿಸಿಕೊಳ್ಳುವವನು. ಆದದ್ದು ಮಾತ್ರ ನನ್ನ ಊಹೆಯಲ್ಲೇ ಇರಲಿಲ್ಲ.

ಕೋಚ್ ಹೀದರ್ ಕೆನಡಾದವರು. ವರ್ಷದ ಅರ್ಧ ಹಿಮ ಬೀಳುವ ಊರಿನಲ್ಲಿ, ಹಳೇ ಗೋದಾಮಿನೊಳಗೆ ಚೆಂಡು ಒದೆಯುತ್ತ ಬೆಳೆದವರಂತೆ. ಕಾಲೇಜು ತಂಡಕ್ಕೆ ಆಡಿ, ಯುರೋಪಿನಲ್ಲಿ ಕೆಲವು ವರ್ಷ ಕ್ಲಬ್ ಆಟಗಾರ್ತಿಯಾಗಿ, ಮಂಡಿ ಕೈಕೊಟ್ಟ ಮೇಲೆ ಕೋಚ್ ಆಗಿ ಸ್ಯಾನ್ ಡಿಯಾಗೋಗೆ ಬಂದಿದ್ದರು. ಆಡಿದ್ದೆಲ್ಲ ಮಿಡ್‌ಫೀಲ್ಡಿನಲ್ಲಿ, ಮೈದಾನದ ನಡುವೆ ನಿಂತು ಮುಂದಿನವರಿಗೆ ಚೆಂಡು ಹಂಚುವ ಜಾಗದಲ್ಲಿ. ಅವರ ಹಳೇ ಪಂದ್ಯಗಳ ವಿಡಿಯೋ ಹುಡುಕಿ ನಾನೂ ಇಂಚರಾನೂ ನೋಡಿದೆವು. ಗೋಲುಗಳ ತುಣುಕುಗಳೇ ಇದ್ದವು. ಹೀದರ್ ಎಲ್ಲೂ ಇಲ್ಲ! ಮರುದಿನ ಇಂಚರಾ ಅವರನ್ನೇ ಕೇಳಿದಳು.

"ನಾನು ಚೆಂಡು ಕೊಟ್ಟ ಮೇಲೆ ವಿಡಿಯೋ ಶುರುವಾಗುತ್ತೆ," ಎಂದು ಅವರು ನಕ್ಕರು. "ಅದೇ ನನ್ನ ಕೆಲಸ ಆಗಿತ್ತು."

ಇಂಚರಾಗೆ ಆ ಮಾತು ಹಿಡಿಸಿಬಿಟ್ಟಿತು. ಚೆಂಡು ಕಾಲಿಗೆ ಬರುವ ಮೊದಲೇ ಎರಡೂ ಭುಜದ ಮೇಲಿಂದ ಹಿಂದೆ ನೋಡಿಕೊಳ್ಳಬೇಕೆಂದು ಹೀದರ್ ಕಲಿಸಿದ್ದರು. ಇವಳು ಅಡುಗೆಮನೆಯಲ್ಲೂ ಅದನ್ನೇ ಮಾಡುತ್ತ ಓಡಾಡುವಳು. "ಸಾರು ಚೆಲ್ತೀಯ ಕಣೇ, ಮುಂದೆ ನೋಡು!" ಎಂದು ಅವಳ ಅಮ್ಮ ಕೂಗುವಳು. ಎಲ್ಲದಕ್ಕೂ ನನ್ನ ಬೆನ್ನ ಹಿಂದೆ ಅಡಗುತ್ತಿದ್ದ ಮಗು ಮೈದಾನದ ನಟ್ಟನಡುವೆ ನಿಂತು ದೊಡ್ಡ ಹುಡುಗಿಯರಿಗೆ "ಎಡಕ್ಕೆ! ಎಡಕ್ಕೆ!" ಎಂದು ಹೇಳತೊಡಗಿದಳು.

ಆ ತಂಡದ ಅರ್ಧ ಮಕ್ಕಳು ನಮ್ಮ ಕನ್ನಡದವರೇ. ಅದ್ವಿಕಾ ಎಂಬ ಹುಡುಗಿ ನಮ್ಮ ಗೋಲು ಹೊಡೆಯುವವಳು. ಅವಳ ತಂದೆ ಮಂಜುನಾಥ್, ಇಂಚರಾ ಹುಟ್ಟಿದಾಗಿನಿಂದ ನಮ್ಮ ಮನೆಗೆ ಬಂದುಹೋಗುವವನು, ನಮ್ಮ ಅಪ್ಪ ಅಮ್ಮಂದಿರ ವಾಟ್ಸ್ಯಾಪ್ ಗುಂಪಿನ ಯಜಮಾನ. ಫುಟ್‌ಬಾಲ್ ಎಂದರೆ ಅವನಿಗೆ ಗಣಿತದ ಟ್ಯೂಷನ್ ಇದ್ದ ಹಾಗೆ: ಮಾರ್ಕ್ಸ್ ಬರಬೇಕು, ಬರದಿದ್ದರೆ ಮೇಷ್ಟ್ರನ್ನು ಬದಲಾಯಿಸಬೇಕು.

ಸೀಸನ್ನಿನ ಕೊನೆಯ ಟೂರ್ನಮೆಂಟ್ ಲಾಸ್ ಏಂಜಲೀಸ್ ಹತ್ತಿರದ ಡೈಮಂಡ್ ಬಾರ್ ಎಂಬ ಊರಿನಲ್ಲಿ. ಬೆಳಗ್ಗೆಯೇ ಕಾರಿನ ಡಿಕ್ಕಿಗೆ ಪುಳಿಯೋಗರೆ, ಮೊಸರನ್ನ ತುಂಬಿಕೊಂಡು ಹೊರಟೆವು. ಸೆಮಿಫೈನಲ್‌ವರೆಗೂ ಬಂದೆವು. ಅಲ್ಲಿ ದ್ವಿತೀಯಾರ್ಧದಲ್ಲಿ ಹೀದರ್ ಅದ್ವಿಕಾಳನ್ನು ಕೂರಿಸಿ, ಆವರೆಗೆ ಬೆಂಚಿನಲ್ಲಿದ್ದ ನಿಧಿಯನ್ನು ಇಳಿಸಿದರು. ಪ್ರತಿ ಮಗುವೂ ಅರ್ಧ ಪಂದ್ಯ ಆಡಬೇಕೆಂಬುದು ಅವರು ಮೊದಲ ದಿನವೇ ಹೇಳಿದ್ದ ನಿಯಮ. ಲಾಸ್ ಏಂಜಲೀಸ್‌ನ ತಂಡ ಒಂದು ಗೋಲಿನಿಂದ ಗೆದ್ದಿತು. ಮಕ್ಕಳು ಎರಡು ನಿಮಿಷ ಅತ್ತು, ಕಿತ್ತಳೆ ಹೋಳು ಚೀಪುತ್ತ ಒಬ್ಬರ ಮೇಲೊಬ್ಬರು ಸಿಪ್ಪೆ ಎಸೆಯತೊಡಗಿದರು. ಅಳು ನಿಲ್ಲದೆ ಹೋದದ್ದು ಪಾರ್ಕಿಂಗ್ ಲಾಟಿನಲ್ಲಿ ಸೇರಿದ್ದ ದೊಡ್ಡವರದು.

"ಫೈನಲ್ ಕೈಲಿತ್ತು ಕಣ್ರೀ! ಈಯಮ್ಮನಿಗೆ ಗೆಲ್ಲೋ ಮನಸ್ಸೇ ಇಲ್ಲ," ಎಂದ ಮಂಜುನಾಥ್. "ಎಲ್ರೂ ಕ್ಲಬ್ಬಿಗೆ ಒಂದೊಂದು ಇಮೇಲ್ ಹಾಕ್ಬಿಡೋಣ, ಕೋಚ್ ಚೇಂಜ್ ಮಾಡಿ ಅಂತ."

"ಒಂಬತ್ತು ವರ್ಷದ ಮಕ್ಕಳು ಮಾರಾಯ," ಎಂದೆ. "ನಿಧಿ ಆಡ್ಬಾರ್ದಾ?"

"ನಿಮ್ಗೇನ್ ಸಾರ್, ನಿಮ್ ಮಗಳು ಗೋಲೇ ಹೊಡೆಯೋಲ್ಲ. ಟೆನ್ಷನ್ ಇಲ್ಲ."

ಎಲ್ಲರೂ ನಕ್ಕರು. ನಿಧಿಯ ತಾಯಿ, ಧಾರವಾಡದ ಗಿರಿಜಕ್ಕ ಮಾತ್ರ ನಗಲಿಲ್ಲ. "ಯಾಕ್ರೀ, ನನ್ ಮಗಳು ಆಡಿದ್ದ ತಪ್ಪಾತೇನು?" ಎಂದರು. ಎಲ್ಲರೂ ಡಬ್ಬಿಗಳ ಮುಚ್ಚಳ ಹಾಕುವುದರಲ್ಲಿದ್ದರು. ಆ ರಾತ್ರಿಯೇ ನಾನೂ ಗಿರಿಜಕ್ಕನೂ ಹೀದರ್ ಪರವಾಗಿ ಕ್ಲಬ್ಬಿಗೆ ಬರೆದೆವು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಯಂತ್ರದ ಉತ್ತರ ಬಂತು.

ಎರಡು ವಾರದಲ್ಲಿ ಹೀದರ್ ಕೆಲಸ ಹೋಯಿತು. ಮಕ್ಕಳಿಗೆ ವಿದಾಯ ಹೇಳಲು ಮೈದಾನಕ್ಕೆ ಬಂದರು. ಮುಂದೆ ಯಾವ ಕ್ಲಬ್ ಎಂದು ನಾನು ಕೇಳಿದೆ.

"ಯಾವುದೂ ಇಲ್ಲ. ನನ್ನ ವೀಸಾ ಈ ಕೆಲಸದ ಮೇಲೇ ಇತ್ತು. ಮನೆಗೆ ಹೋಗ್ತೀನಿ."

ನನ್ನ ಪಕ್ಕದಲ್ಲಿದ್ದ ಮಂಜುನಾಥ್ ಬೆಚ್ಚಿಬಿದ್ದು ನನ್ನ ಕಡೆ ತಿರುಗಿದ. "ಇವ್ರಿಗೂ ವೀಸಾನಾ? ಇಂಗ್ಲಿಷ್‌ನವ್ರು, ಬಿಳಿ ಜನ... ನಾನು ಇಲ್ಲಿಯವ್ರೇ ಅಂದ್ಕೊಂಡಿದ್ದೆ ಕಣ್ರೀ!"

ಎಂಥ ಜನ ನಾವು! ವೀಸಾದ ಒಂದೊಂದು ನಿಯಮವೂ ಬಾಯಿಪಾಠ. ಕೆಲಸ ಹೋದರೆ ದೇಶ ಬಿಡಲು ಎಷ್ಟು ಕಾಲ ಸಿಗುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇವೆ. ಆ ಭಯ ನಮ್ಮದು ಮಾತ್ರ ಎಂದು ತಿಳಿದಿದ್ದೆವು. ಬೇರೊಬ್ಬರ ಮೇಲೆ ಅದನ್ನು ಹಾಕಿದ್ದು ನಾವೇ ಎಂದು ಗೊತ್ತಾದಾಗಲಾದರೂ ಏನು ಮಾಡಿದೆವು?

"ಈಗ್ಲೂ ಲೇಟಾಗಿಲ್ಲ," ಎಂದೆ. "ದೂರು ವಾಪಸ್ ತಗೋತೀವಿ ಅಂತ ಎಲ್ರೂ ಬರೆಯೋಣ. ಪ್ಲೀಸ್."

"ಹೊಸ ಕೋಚ್ ಸೈನ್ ಮಾಡಾಗಿದೆಯಂತೆ," ಎಂದ. "ಬೇಕಾದ್ರೆ ನಮ್ ಲಾಯರ್ ನಂಬರ್ ಕೊಡೋಣ. ತುಂಬಾ ಒಳ್ಳೆಯವ್ರು."

ಲಾಯರ್ ನಂಬರ್! ಮಡಚುವ ಕುರ್ಚಿಯನ್ನು ನಾನು ಅವನ ತಲೆಯ ಮೇಲೆ ಹಾಕಲಿಲ್ಲ. ಸಂಯಮವೇನಲ್ಲ; ಅದರ ಕೊಕ್ಕೆಗೆ ನನ್ನ ಬೆರಳು ಸಿಕ್ಕಿಕೊಂಡಿತ್ತು.

ಹೊಸ ಕೋಚ್ ಇಂಚರಾಳನ್ನು ಮೈದಾನದ ನಡುವಿನಿಂದ ಅಂಚಿಗೆ ತಳ್ಳಿದರು. ತಂಡ ಕಪ್ ಗೆದ್ದಿತು, ಗುಂಪಿನಲ್ಲಿ ಪಟಾಕಿಯ ಚಿತ್ರಗಳು ಹಾರಿದವು. ನಿಧಿ ತಂಡ ಬಿಟ್ಟಳು. ಮುಂದಿನ ವರ್ಷ ಇಂಚರಾ, "ನನಗೆ ಇನ್ನು ಬೇಡ," ಎಂದು ಇಂಗ್ಲಿಷಿನಲ್ಲಿ ಹೇಳಿ ಶೂಗಳನ್ನು ದಾನದ ಚೀಲಕ್ಕೆ ಹಾಕಿದಳು.

ಹೀದರ್ ಈಗ ತಮ್ಮೂರಿನ ಹುಡುಗಿಯರಿಗೆ ಕಲಿಸುತ್ತಾರಂತೆ. ಮೈದಾನ ಇಲ್ಲೇ ಇದೆ, ನೀಲಗಿರಿಯ ಘಾಟೂ ಇದೆ. ಆದರೆ ನಟ್ಟನಡುವೆ ನಿಂತು ಎಡಕ್ಕೆ ಎಂದು ಕೂಗುತ್ತಿದ್ದ ನನ್ನ ಮಗಳು ಅಲ್ಲಿಲ್ಲ.

ಕಳೆದ ತಿಂಗಳು ಮಂಜುನಾಥ್ ಕೆಲಸ ಹೋಯಿತು. ಅವನಿಗೆ ಬೇರೆ ಕೆಲಸ ಹುಡುಕಲು ಇಡೀ ಗುಂಪು ಒಂದೇ ಸಂಜೆಯಲ್ಲಿ ಎದ್ದು ನಿಂತಿತು. ನಾನೂ ನನ್ನ ಕಂಪನಿಯಲ್ಲಿ ನಾಲ್ಕು ಜನರಿಗೆ ಹೇಳಿದೆ, ಹೇಳಬೇಕಾದ್ದೇ. ಭಾನುವಾರ ಅವನು ಮನೆಗೆ ಬಂದಾಗ ಬಾಗಿಲು ತೆಗೆದದ್ದು ಇಂಚರಾ. ಕೂಸಾಗಿದ್ದಾಗ ಅವನ ಹೆಗಲ ಮೇಲೆ ಕೂತು ಊರು ಸುತ್ತಿದವಳು, "ಮಂಜು ಅಂಕಲ್" ಎಂದರೆ ಜೀವ ಬಿಡುತ್ತಿದ್ದವಳು, ಒಳಗೆ ತಿರುಗಿ ಕೂಗಿದಳು:

"ಅಪ್ಪಾ, ಯಾರೋ ಬಂದಿದ್ದಾರೆ. ಅದ್ವಿಕಾಳ ಡ್ಯಾಡ್."

ಅವನಿಗೂ ಕೇಳಿಸಿತು. ನಾನು ಅವಳನ್ನು ತಿದ್ದಲಿಲ್ಲ.