ಮೂಗಣ್ಣ ಆರಿಸಿದ ಎಣ್ಣೆ

ಆ ಬೀದಿಯಲ್ಲಿ ಎಲ್ಲರಿಗೂ ಅವನು ಮೂಗಣ್ಣ. ತನ್ನ ಗ್ಯಾರೇಜಿಗೆ ಬಂದ ಎಣ್ಣೆ ಡಬ್ಬಿಯ ಮೇಲೆ ಬರೆದದ್ದನ್ನು ಓದುವ ಜಾಯಮಾನ ಅವನದಲ್ಲ. ಮುಚ್ಚಳ ತೆಗೆದು, ಬೆರಳಿಗೆ ಹಚ್ಚಿ ಉಜ್ಜಿ, ಮೂಸಿ ಎಣ್ಣೆಯ ಜಾತಕವನ್ನೇ ಹೇಳಿಬಿಡುತ್ತಿದ್ದ. ಜನ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು, ಇವನು ಉಬ್ಬುತ್ತಿದ್ದ.

ಅಕ್ಕನ ಹಳೇ ಕಾರಿಗೆ ಗೇರ್ ಎಣ್ಣೆ ಹಾಕುವಾಗಲೂ ಮೂಸಿದ. ಗಂಧಕದ ಘಾಟು ಮೂಗಿಗೆ ಬಡಿಯುವ ಹೊಸ ಎಣ್ಣೆಯೇ ಗಟ್ಟಿ ಎಂದು ಅದನ್ನೇ ಸುರಿದ. ಹೊಲಿದ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸುವ ಅಕ್ಕನಿಗೆ ಆ ಕಾರೇ ಕೈಕಾಲು. ಅದಕ್ಕೆ ಸಾಧಾರಣದ್ದು ಹಾಕಲು ಅವನಿಗೆ ಮನಸ್ಸು ಬರಲಿಲ್ಲ.

ಕೆಲವು ತಿಂಗಳಿಗೆ ಎರಡನೇ ಗೇರ್ ಕರಕರ ಅನ್ನತೊಡಗಿತು. ಅಕ್ಕ ಬಂದು ಹೇಳಿದಾಗ ಗ್ಯಾರೇಜಿನ ತುಂಬ ಜನ.

"ಎಣ್ಣೆ ಹಾಕಿದ್ದು ನಾನು, ಅದಕ್ಕೇನಾಗುತ್ತೆ? ನೀನು ಕ್ಲಚ್ ಪೂರ್ತಿ ಒತ್ತಲ್ಲ ಅಕ್ಕ. ವಯಸ್ಸಾಯ್ತು ನೋಡು," ಅಂದ.

ಜನ ನಕ್ಕರು. ಅಕ್ಕನೂ ನಕ್ಕಳು, ಆದರೆ ತನ್ನ ಮೊಣಕಾಲನ್ನೊಮ್ಮೆ ನೋಡಿಕೊಂಡಳು. ಮುಂದಿನ ವಾರ ಕಾರಿನ ಕೀ ತಂದು ಅವನ ಕೈಗಿಟ್ಟಳು.

"ಮಾರಿಬಿಡಪ್ಪಾ. ಕಾಲು ನಂಬೋ ಹಾಗಿಲ್ಲ, ಯಾರ ಮೇಲಾದ್ರೂ ಹತ್ತಿಸಿಬಿಟ್ರೆ?"

ಮಾರುವ ಮೊದಲು ಒಮ್ಮೆ ನೋಡೋಣವೆಂದು ಮೂಗಣ್ಣ ಗೇರ್‌ಬಾಕ್ಸಿನ ಎಣ್ಣೆ ಇಳಿಸಿದ. ತಟ್ಟೆಯ ತುಂಬ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು. ಗೇರನ್ನು ಮೆತ್ತಗೆ ಕೂಡಿಸುವ ಹಿತ್ತಾಳೆ ಬಳೆಗಳು ಸವೆದುಹೋಗಿದ್ದವು. ಮೂಲೆಯ ಡಬ್ಬಿ ಎತ್ತಿ, ಧೂಳು ಒರೆಸಿ, ಮೊದಲ ಸಲ ಓದಿದ. ಎಣ್ಣೆಯ ದರ್ಜೆ ಜಿಎಲ್-೫, ಹಿತ್ತಾಳೆ ಭಾಗಗಳಿರುವ ಹಳೇ ಗೇರ್‌ಬಾಕ್ಸಿಗೆ ಬೇಡ ಎಂದು ಕೆಳಗೆ ಅಚ್ಚಾಗಿತ್ತು. ಬೇಕಾಗಿದ್ದದ್ದು ಜಿಎಲ್-೪. ಅವನು ಮೆಚ್ಚಿಕೊಂಡ ಆ ಘಾಟಿನ ಗಂಧಕವೇ ಹಿತ್ತಾಳೆಯನ್ನು ತಿಂದಿತ್ತು.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎಣ್ಣೆ ಯಾರ ಕೈಯಲ್ಲಾದರೂ ತಪ್ಪೀತು. ಇವನು ಆ ತಪ್ಪನ್ನು ಒಯ್ದು ಅಕ್ಕನ ಕಾಲಿಗೆ ಕಟ್ಟಿದ್ದನಲ್ಲ, ಅದೂ ನಾಲ್ಕು ಜನರ ಎದುರು. ಗುಟ್ಟಾಗಿ ರಿಪೇರಿ ಮಾಡಿ ಜಾರಿಕೊಳ್ಳೋಣ ಎಂದೂ ಅನ್ನಿಸಿತು, ಮನುಷ್ಯನ ಬುದ್ಧಿ ನೋಡಿ.

ಹೊಸ ಬಳೆ, ಸರಿಯಾದ ಎಣ್ಣೆ ಹಾಕಿ ಕಾರನ್ನು ಅಕ್ಕನ ಮನೆಗೆ ಒಯ್ದ. ಒಳಗೆ ಅಕ್ಕ ಕುರ್ಚಿಯಲ್ಲಿ ಕೂತು, ಗೋಡೆಗೊತ್ತಿದ ಬಟ್ಟೆಗಂಟನ್ನು ಎಡಗಾಲಿನಿಂದ ಒತ್ತಿ ಒತ್ತಿ ಬಿಡುತ್ತಿದ್ದಳು. ಹಣೆಯಲ್ಲಿ ಬೆವರು.

"ಏನಕ್ಕ ಇದು?"

"ಕಾಲಿಗೆ ಸ್ವಲ್ಪ ಬಲ ಬರ್ಲಿ ಅಂತ."

ಅವನು ಕಾರಿನ ಕೀಯನ್ನು ಅವಳ ಮಡಿಲಿಗಿಟ್ಟ. "ಕಾಲಿಂದೇನೂ ತಪ್ಪಿಲ್ಲ ಅಕ್ಕ. ನಾನು ಹಾಕಿದ ಎಣ್ಣೆನೇ ಗೇರ್ ಕೆಡಿಸಿದ್ದು."

ಬೈಯಲಿ ಎಂದು ಕಾದು ನಿಂತ. ಅಕ್ಕ ಬೈಯಲಿಲ್ಲ.

"ಹಾಗಾದ್ರೆ ನನ್ನ ಕಾಲು ಚೆನ್ನಾಗೇ ಇದೆಯೇನೋ?" ಎಂದಳು. ಅವಳ ಮುಖ ಅರಳಿತ್ತು.

ಆ ಮುಖ ನೋಡಲಾಗದೆ ಮೂಗಣ್ಣ ತಲೆ ತಗ್ಗಿಸಿದ.