ಆಂಟಿಗೆ ತೋರಿಸಿದ ಕಾಫಿ ಆ್ಯಪ್

ಮೊನ್ನೆ ಕಾಫಿಪುಡಿಯ ಹೊಸ ಪೊಟ್ಟಣ ಕತ್ತರಿಸಿದೆ. ಚಿಕೋರಿ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ಆಂಟಿಯ ಗ್ಯಾರೇಜು ನೆನಪಾಯಿತು... ಜೊತೆಗೆ ಅವರ ಮಗಳು ಕೇಳಿದ್ದ ಪ್ರಶ್ನೆಯೂ. ಅಮ್ಮನ ಮರೆವು ಯಾವಾಗ ಶುರುವಾಯಿತು? ವಾರವಾರ ಅವರ ಎದುರು ಕೂತವಳು ನಾನು, ನನಗೆ ಗೊತ್ತಿರಬೇಕು ಎಂದು ಅವಳ ನಂಬಿಕೆ. ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ.

ಅದು ಕೊರೋನಾದ ಎರಡನೇ ವರ್ಷ. ಮಕ್ಕಳಿಗಾಗಿ ಕೆಲಸ ಬಿಟ್ಟಿದ್ದ ನಾನು ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯ ನಮ್ಮ ಮನೆಯಲ್ಲಿ ಕೂತು ಆ್ಯಪ್ ಡಿಸೈನ್ ಕಲಿಯುತ್ತಿದ್ದೆ. ಏನಾದರೊಂದು ಮಾದರಿ ಮಾಡಿ ತೋರಿಸಿ, ಆಮೇಲೆ ಮಾತಾಡೋಣ ಎಂದಿತ್ತು ಲಾಸ್ ಏಂಜಲೀಸ್‌ನ ಒಂದು ಕಂಪನಿ. ನಾನು ಆರಿಸಿಕೊಂಡದ್ದು ಬೇಕಾದ ಬಗೆಯ ಕಾಫಿ ಆರ್ಡರ್ ಮಾಡುವ ಆ್ಯಪನ್ನು. ಬಳಸಿ ನೋಡಲು ಸಿಕ್ಕವರು ಆಂಟಿ. ಹತ್ತಿರದ ಲಾ ಹೋಯಾದ ಲ್ಯಾಬಿನಲ್ಲಿ ವಿಜ್ಞಾನಿಯಾಗಿದ್ದು ರಿಟೈರ್ ಆದವರು. ಗ್ಯಾರೇಜಿನ ಬಾಗಿಲು ತೆಗೆದಿಟ್ಟು, ಮಾಸ್ಕ್ ಹಾಕಿಕೊಂಡು, ದೂರ ದೂರ ಕೂರುತ್ತಿದ್ದೆವು. ಅವರು ಫೋನ್ ಒತ್ತಬೇಕು, ನಾನು ಬಾಯಿ ಮುಚ್ಚಿಕೊಂಡು ನೋಡಬೇಕು.

ಮೊದಲ ಮಾದರಿಯಲ್ಲಿ ನನ್ನ ಜಾಣತನವನ್ನೆಲ್ಲ ತುರುಕಿದ್ದೆ. ಬೀಜ, ಹುರಿದ ಹದ, ಚಿಕೋರಿ, ಹಾಲು... ಎಲ್ಲಕ್ಕೂ ಒಂದೊಂದು ಪರದೆ.

“ಕಾಫಿ ಕುಡಿಯೋದಕ್ಕೂ ಎಂಟ್ರೆನ್ಸ್ ಎಕ್ಸಾಮ್ ಇಟ್ಟಿದೀಯಲ್ಲೇ,” ಎಂದು ಆಂಟಿ ನಕ್ಕರು.

ನಿಜ ಹೇಳಬೇಕೆಂದರೆ ಅದರಲ್ಲಿ ನಾನೇ ದಾರಿ ತಪ್ಪುತ್ತಿದ್ದೆ. ಡಿಸೈನ್ ಕ್ಲಾಸಿನಲ್ಲಿ ನಮಗೆ ಕಲಿಸಿದ್ದು ಒಂದೇ ಮಂತ್ರ. ಬಳಸುವವರು ತಡವರಿಸಿದರೆ ತಪ್ಪು ಅವರದ್ದಲ್ಲ, ಪರದೆಯದ್ದು. ಹಾಗಾಗಿ ಆಂಟಿ ಎಲ್ಲಿ ತಡವರಿಸಿದರೂ ಅದನ್ನು ಕಿತ್ತುಹಾಕುತ್ತಿದ್ದೆ. ಮುಂದಿನ ವಾರ ಇನ್ನೆಲ್ಲೋ ಸಿಕ್ಕಿಕೊಳ್ಳುತ್ತಿದ್ದರು. ಅದನ್ನೂ ಕಿತ್ತೆ. ಸುಲಭ ಮಾಡಿದಷ್ಟೂ ಅವರಿಗೆ ಕಷ್ಟವಾಗುತ್ತಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ಈ ವಯಸ್ಸಿನಲ್ಲಿ ಇಲ್ಲದ ಉಸಾಬರಿ ಯಾಕೆ ಬೇಕಿತ್ತು ಎಂದು ಬಾತ್‌ರೂಮಿನಲ್ಲಿ ಕೂತು ಅತ್ತದ್ದೂ ಉಂಟು.

ಕೊನೆಗೆ ಎರಡೇ ಬಟನ್ ಉಳಿದವು. ಫಿಲ್ಟರ್ ಕಾಫಿ, ಬೇರೆ ಕಾಫಿ. ಆಂಟಿ ಫೋನ್ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಮೆಲ್ಲಗೆ ಕೇಳಿದರು, “ನಾನು ಕುಡಿಯೋದು ಯಾವ್ದೇ?”

ಫಿಲ್ಟರ್ ಕಾಫಿ ಬಿಟ್ಟು ಬೇರೇನೂ ಮುಟ್ಟದ ಹೆಂಗಸು. ನಾನೇನು ಮಾಡಿದೆ? ಅವರಿಷ್ಟವನ್ನು ಆ್ಯಪೇ ನೆನಪಿಟ್ಟುಕೊಳ್ಳಲಿ ಎಂದು ‘ನಿಮ್ಮ ಕಾಫಿ’ ಎಂಬ ಒಂದೇ ಬಟನ್ ಇಟ್ಟೆ. ಕಂಪನಿಯವರಿಗೆ ಅದೇ ಹಿಡಿಸಿತು. ಕೆಲಸ ಸಿಕ್ಕಿತು.

ಕೆಲವು ತಿಂಗಳಲ್ಲಿ ಆಂಟಿಗೆ ಮರೆವಿನ ಕಾಯಿಲೆ ಎಂದು ಗೊತ್ತಾಯಿತು. ಮಗಳು ಲಾಸ್ ಏಂಜಲೀಸ್ ಕಡೆಯ ಚಾಟ್ಸ್‌ವರ್ತ್‌ನ ತನ್ನ ಮನೆಗೆ ಕರೆದೊಯ್ದಳು. ಹೋದ ಚಳಿಗಾಲದಲ್ಲಿ ತೀರಿಕೊಂಡರು...

ಮೊನ್ನೆ ಆ ಪೊಟ್ಟಣ ಕತ್ತರಿಸಿದ ದಿನವೇ ಧೈರ್ಯ ಮಾಡಿ ಮಗಳಿಗೆ ಫೋನ್ ಮಾಡಿದೆ.

“ಯಾವಾಗ ಶುರುವಾಯ್ತು ಅಂತ ನಂಗೊತ್ತಿಲ್ಲಮ್ಮ. ಮೊದಮೊದಲು ನನ್ನ ಆ್ಯಪೇ ಸರಿ ಇರ್ಲಿಲ್ಲ. ನನ್ನ ತಪ್ಪು ಎಲ್ಲಿಗೆ ಮುಗೀತು, ಅವರ ಮರೆವು ಎಲ್ಲಿಂದ ಶುರುವಾಯ್ತು... ಎಷ್ಟು ಯೋಚ್ನೆ ಮಾಡಿದ್ರೂ ಬಿಡಿಸೋಕೆ ಆಗ್ತಿಲ್ಲ. ಅವರು ತಡವರಿಸಿದಾಗೆಲ್ಲ ನನ್ನಿಂದ್ಲೇ ಅಂದ್ಕೊಂಡೆ.”



“ಆ ವರ್ಷ ಅಮ್ಮ ನಂಗೆ ಕಾಲ್ ಮಾಡೋದೇ ನಿಲ್ಸ್‌ಬಿಟ್ಟಿದ್ರು,” ಎಂದಳು. “ನನ್ಮೇಲೆ ಏನೋ ಕೋಪ ಅಂದ್ಕೊಂಡೆ. ನಾನೂ ಮಾಡ್ಲಿಲ್ಲ.”

ಅದು ಕೋಪವೋ ಮರೆವೋ, ಕೇಳೋಣವೆಂದರೆ ಆಂಟಿಯೇ ಇಲ್ಲ. ಇಬ್ಬರೂ ಬಹಳ ಹೊತ್ತು ಫೋನ್ ಇಡಲಿಲ್ಲ.